ನಲ್ಲಿ ತೊಳೆಯುವ ನೀರು

ಟೈಲರಮ್ಮನ ಬಾಗಿಲಿಗೆ ನಗರಸಭೆಯವರು ಕೆಂಪು ಸ್ಟಿಕ್ಕರ್ ಅಂಟಿಸಿ ಹೋದ ಮೇಲೆ ಆ ಬೀದಿಯ ಜನ ಮಾಡಿದ ಮೊದಲ ಕೆಲಸವೆಂದರೆ, ಅವಳು ಹೊಲಿದುಕೊಟ್ಟಿದ್ದ ಮಾಸ್ಕುಗಳನ್ನು ಕುದಿಯುವ ನೀರಿಗೆ ಹಾಕಿದ್ದು. ಬಿಸಾಡಲಿಲ್ಲ. ಬಿಸಾಡಿದರೆ ಬೇರೆ ಎಲ್ಲಿಂದ ತರುತ್ತಾರೆ? ರೋಗದ ಸುದ್ದಿ ಬಂದು ಅಂಗಡಿಗಳಲ್ಲಿ ಮಾಸ್ಕು ಖಾಲಿಯಾದಾಗ, ಮನೆಮನೆಯಿಂದ ಹಳೇ ಅಂಗಿ, ಹಳೇ ಪರದೆ ಇಸಿದುಕೊಂಡು, ಕಣ್ಣು ಉರಿಯುವವರೆಗೆ ಮಿಷನ್ ತುಳಿದು ಇಡೀ ಬೀದಿಗೆ ಹಂಚಿದವಳು ಅವಳು. ಆಗ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಈಗ ಅವೇ ಮಾಸ್ಕುಗಳನ್ನು ಕುದಿಸಿ, ಒಣಗಿಸಿ, ಮೂಗಿಗೇರಿಸಿಕೊಂಡು, ಅವಳ ಮನೆ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸುತ್ತಿದ್ದರು.

ರೋಗ ಬಂದದ್ದು ಅವಳಿಗಲ್ಲ, ಗಂಡನಿಗೆ. ಅವನು ಬಸ್ ಡ್ರೈವರ್. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದಾಗ ನರ್ಸುಗಳನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಬಿಡುತ್ತಿದ್ದವನು. ತನಗೇ ಜ್ವರ ಬಂದಾಗ ಮಾತ್ರ ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಮನೆಯಲ್ಲೇ ಒಂದು ಕೋಣೆಯಲ್ಲಿ ಇರಿ ಎಂದು ಕಳಿಸಿದರು. ಅವಳನ್ನೂ ಪರೀಕ್ಷೆ ಮಾಡಿ, ಏನೂ ಇಲ್ಲ ಎಂದರು. ಹೊರಗೆ ಬರಬೇಡಿ, ಬೇಕಾದ್ದನ್ನೆಲ್ಲ ಅಕ್ಕಪಕ್ಕದವರು ತಂದುಕೊಡುತ್ತಾರೆ ಎಂದು ಸ್ಟಿಕ್ಕರಿನವರು ಅಪ್ಪಣೆ ಕೊಡಿಸಿ ಕೈತೊಳೆದುಕೊಂಡರು.

ಅಕ್ಕಪಕ್ಕದವರಂತೆ! ಅವಳೂ ಅದನ್ನೇ ನಂಬಿ ಮೊದಲ ದಿನ ಖಾಲಿ ಕೊಡಗಳನ್ನು ಹೊಸ್ತಿಲಾಚೆ ಇಟ್ಟು ಕಾದಳು. ಆ ಬೀದಿಯಲ್ಲಿ ಯಾರ ಮನೆಯಲ್ಲೂ ನಲ್ಲಿಯಿಲ್ಲ. ತಿರುವಿನಲ್ಲಿರುವ ಒಂದೇ ಒಂದು ನಲ್ಲಿಗೆ ಬೆಳಿಗ್ಗೆ ಒಂದಿಷ್ಟು ಹೊತ್ತು ನೀರು ಬರುತ್ತದೆ, ಆಮೇಲೆ ಬರೀ ಗಾಳಿ. ಆ ಬೆಳಿಗ್ಗೆ ಎಲ್ಲರೂ ತಂತಮ್ಮ ನೀರು ಹೊತ್ತುಕೊಂಡು ಅವಳ ಕೊಡಗಳಿಂದ ದೂರ ಸರಿದು ನಡೆದುಹೋದರು. 'ನನ್ನ ಕೊಡ ಮುಟ್ಟಬೇಡಿ, ನಿಮ್ಮ ಕೊಡದಿಂದ ಮೇಲಿನಿಂದಲೇ ಸುರೀರಿ' ಎಂದು ಕಿಟಕಿಯಿಂದ ಕೂಗಿದಳು. ಹಾಗೆ ಸುರಿದರೆ ಹನಿ ತಮ್ಮ ಮೈಗೆ ಸಿಡಿಯುತ್ತದಂತೆ, ಯಾರೂ ನಿಲ್ಲಲಿಲ್ಲ. ಹಾಗಾಗಿ ಮರುದಿನ ತಾನೇ ಮೂಗುಬಾಯಿ ಮುಚ್ಚಿಕೊಂಡು ಕೊಡ ಹಿಡಿದು ಹೊರಟಳು.

ಬೀದಿಗೊಬ್ಬರು ಅಧ್ಯಕ್ಷರಿದ್ದರು. ಪೇಂಟು, ಮೊಳೆ ಮಾರುವ ಅಂಗಡಿಯವರು. ಯಾವ ಸಂಘಕ್ಕೆ ಅಧ್ಯಕ್ಷರೋ, ಯಾರು ಆರಿಸಿದರೋ ಆ ದೇವರಿಗೇ ಗೊತ್ತು. ಊರಿಗೆ ರೋಗ ಬಂದದ್ದೇ ತಡ, ಅವರಿಗೆ ಹುರುಪು ಬಂದಿತ್ತು. ನಲ್ಲಿಯ ಮುಂದೆ ದೂರದೂರಕ್ಕೆ ಬಿಳಿ ಪೇಂಟಿನಲ್ಲಿ ವೃತ್ತ ಬರೆಸಿದರು. ಎಲ್ಲರ ವೃತ್ತ ರಸ್ತೆಯ ಮೇಲೆ, ಟೈಲರಮ್ಮನ ವೃತ್ತ ಎಲ್ಲರ ಹಿಂದೆ, ಚರಂಡಿಯ ಪಕ್ಕದಲ್ಲಿ.

"ನೀರು ಬೇಡ ಅಂದಿದ್ದೀವೇನಮ್ಮಾ? ಕೊನೇಲಿ ಹಿಡ್ಕೊ ಅಂದಿದ್ದೀವಿ, ಅಷ್ಟೇ" ಎಂದರು ಅಧ್ಯಕ್ಷರು. ನ್ಯಾಯದ ಮಾತು ಎಂದು ಎಲ್ಲರೂ ತಲೆಯಾಡಿಸಿದರು.

ಕೊನೆಯಲ್ಲಿ ಅವಳಿಗೆ ಸಿಕ್ಕಿದ್ದು ಅರ್ಧ ಕೊಡ. ಅವಳು ಬೆನ್ನು ತಿರುಗಿಸಿದ್ದೇ ತಡ, ಅವಳು ಮುಟ್ಟಿದ ನಲ್ಲಿಗೆ ಬ್ಲೀಚಿಂಗ್ ಪುಡಿ ಉಜ್ಜಿ ಎರಡು ಬಕೆಟ್ ನೀರು ಸುರಿದು ತೊಳೆದರು. ಅರ್ಧ ಕೊಡ ಹಿಡಿದವಳು ಹಿಂತಿರುಗಿ ನೋಡಿದಳು. ತೊಳೆದ ನೀರು ಬುಳುಬುಳು ಎಂದು ಚರಂಡಿ ಸೇರುತ್ತಿತ್ತು.

ಆದರೆ ತಮ್ಮ ಮನೆಗೆ ತುಂಬಿಸಿಕೊಂಡ ನೀರನ್ನು ದಿನಾ ಹೀಗೆ ಸುರಿಯಲು ಯಾರಿಗೆ ಮನಸ್ಸು ಬಂದೀತು? ಅಧ್ಯಕ್ಷರ ತಲೆ ಓಡಿತು. ತಮ್ಮ ಅಂಗಡಿಯಿಂದ ಒಂದು ದೊಡ್ಡ ನೀಲಿ ಡ್ರಮ್ಮು ತಂದು ನಲ್ಲಿಯ ಪಕ್ಕದಲ್ಲಿಟ್ಟರು. ಬೆಳಿಗ್ಗೆ ನೀರು ಬಂದ ಕೂಡಲೇ ಮೊದಲು ಡ್ರಮ್ಮು ತುಂಬಬೇಕು, ಆಮೇಲೆ ಸರದಿ. ಕೊನೆಯಲ್ಲಿ ಟೈಲರಮ್ಮ ಹಿಡಿದುಕೊಂಡು ಹೋದ ಮೇಲೆ ಆ ನೀರಿನಲ್ಲಿ ನಲ್ಲಿ ತೊಳೆಯಬೇಕು. ಡ್ರಮ್ಮಿಗೆ ಹೋದಷ್ಟು ನೀರು ಸರದಿಯ ಕೊನೆಗೆ ಕಡಿಮೆಯಾಗುತ್ತದೆ ಎಂಬುದು ಸಣ್ಣ ಮಗುವಿಗೂ ತಿಳಿಯುವ ವಿಷಯ. ಕೊನೆಯಲ್ಲಿ ನಿಂತವಳು ಅವಳೊಬ್ಬಳೇ ಆದ್ದರಿಂದ ಅದು ಬೇರೆ ಯಾರ ತಲೆಗೂ ಹೋಗಲಿಲ್ಲ. ಅರ್ಧ ಕೊಡ ಹೋಗಿ ಒಂದು ಚೊಂಬಾಯಿತು.

ಬ್ರಷ್ಷು ಹಿಡಿದು ನಲ್ಲಿ ತೊಳೆಯಲು ಮುಂದೆ ಬಂದವಳು ಯಾರು ಅಂತೀರಿ? ಎದುರುಮನೆ ಅಕ್ಕ. ಒಡಹುಟ್ಟಿದವಳಲ್ಲ, ಆದರೂ ಟೈಲರಮ್ಮನ ಬಾಯಲ್ಲಿ ಅಕ್ಕ ಅಕ್ಕ ಎಂದೇ ಬರುತ್ತಿತ್ತು. ಹಿಂದಿನ ವರ್ಷ ಈ ಅಕ್ಕ ಕಾಲು ಮುರಿದುಕೊಂಡು ಮಲಗಿದ್ದಾಗ, ಅವಳ ಮನೆಯ ನೀರನ್ನೂ ಹೊತ್ತುಹಾಕಿದವಳು ಟೈಲರಮ್ಮ. ಆ ಕಾಲು ಈಗ ಚೆನ್ನಾಗಿ ಕೂಡಿಕೊಂಡಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಗಂಡನ ಜ್ವರ ಏರಿತು. ಮೈ ಮುಟ್ಟಿದರೆ ಕೈ ಸುಡುತ್ತಿತ್ತು, ತುಟಿ ಒಡೆದು ಬಿರಿದಿತ್ತು. 'ನೀರು ಕುಡಿಸ್ತಾ ಇರಿ, ಒದ್ದೆ ಬಟ್ಟೇಲಿ ಮೈ ಒರೆಸ್ತಾ ಇರಿ, ನೀರು ಕಮ್ಮಿಯಾದ್ರೆ ಉಳಿಸೋದು ಕಷ್ಟ' ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಮನೆಯಲ್ಲಿ ಉಳಿದಿದ್ದ ಒಂದು ಲೋಟ ನೀರನ್ನು ಅವನ ಬಾಯಿಗೆ ಹಿಡಿದು ಕುಡಿಸಿ, ಎರಡು ಕೊಡ ಹೊತ್ತು ಅವಳು ನಲ್ಲಿಗೆ ಓಡಿದಳು. ಓಡಿದವಳು ಚರಂಡಿಯ ಪಕ್ಕದ ವೃತ್ತದಲ್ಲಿ ನಿಂತಳು. ಮುಂದಿನವರು ಒಬ್ಬೊಬ್ಬರಾಗಿ ಹಿಡಿದರು, ಬಿಂದಿಗೆ ತೊಳೆದು ಚೆಲ್ಲಿದರು, ಮತ್ತೆ ಹಿಡಿದರು. ಅವಳ ಸರದಿ ಬರುವ ಹೊತ್ತಿಗೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಅಣ್ಣಾ, ಡ್ರಮ್ಮಿಂದ ಎರಡು ಕೊಡ ಕೊಡ್ಸಿ. ಅವರಿಗೆ ಜ್ವರ ಜಾಸ್ತಿಯಾಗಿದೆ, ಮನೇಲಿ ಒಂದು ತೊಟ್ಟೂ ಇಲ್ಲ" ಎಂದಳು.

"ಅದು ನಲ್ಲಿ ತೊಳೆಯೋಕೆ ಇಟ್ಟಿರೋದಮ್ಮಾ" ಎಂದರು ಅಧ್ಯಕ್ಷರು.

"ಇವತ್ತು ನಾನು ನಲ್ಲಿ ಮುಟ್ಟೇ ಇಲ್ವಲ್ಲ!"

"ಇವತ್ತು ಮುಟ್ಟಿಲ್ಲ, ಸರಿ. ನಾಳೆ ಮುಟ್ತೀಯಲ್ಲ? ನಾಳೆಗೆ ಬೇಕಾಗುತ್ತೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅಷ್ಟು ಗಂಭೀರವಾಗಿ, ಅಷ್ಟು ಶಾಂತವಾಗಿ ಹೇಳಿದರು. ಟೈಲರಮ್ಮ ಎದುರುಮನೆ ಅಕ್ಕನ ಕಡೆ ನೋಡಿದಳು.

"ನನ್ನ ಮುಖ ಏನು ನೋಡ್ತೀಯೇ? ಎಲ್ಲರೂ ಸೇರಿ ಮಾಡಿರೋ ರೂಲ್ಸು. ನಾನೊಬ್ಬಳು ಏನು ಮಾಡ್ಲಿ?" ಎಂದಳು ಅಕ್ಕ, ಕೈಯಲ್ಲಿದ್ದ ಬ್ರಷ್ಷನ್ನೇ ನೋಡುತ್ತಾ.

ಅಲ್ಲಿಗೆ ಟೈಲರಮ್ಮನ ಸಹನೆ ಮುಗಿಯಿತು. ವೃತ್ತ ದಾಟಿ ಸೀದಾ ನಡೆದು ಬಂದಳು. ಅವಳು ಒಂದೊಂದು ಹೆಜ್ಜೆ ಮುಂದಿಟ್ಟಾಗಲೂ ಜನ ಎರಡೆರಡು ಹೆಜ್ಜೆ ಹಿಂದಕ್ಕೆ ಸರಿದರು. ಅಧ್ಯಕ್ಷರಂತೂ ಎಲ್ಲರಿಗಿಂತ ಹಿಂದೆ ಹೋಗಿ ನಿಂತರು. ಅವಳು ಡ್ರಮ್ಮಿನ ಮುಚ್ಚಳ ಕಿತ್ತು ಪಕ್ಕಕ್ಕೆ ಎಸೆದು, ಬಳೆ ಸಮೇತ ಮೊಣಕೈವರೆಗೆ ತೋಳನ್ನು ನೀರಿನಲ್ಲಿ ಅದ್ದಿದಳು.

"ಅಯ್ಯಯ್ಯೋ! ಏನೇ ಇದು!" ಎಂದು ಅಕ್ಕ ಚೀರಿದಳು.

"ನನ್ನ ಹೆಸರಲ್ಲಿ ತಾನೇ ಇದನ್ನ ತುಂಬಿಸಿಟ್ಟಿರೋದು? ಈಗ ಮುಟ್ಟಿದೀನಿ. ಯಾರಿಗೆ ಬೇಕೋ ಬನ್ನಿ, ತಗೊಂಡು ಹೋಗಿ. ನಲ್ಲಿ ತೊಳೀರಿ, ಪಾತ್ರೆ ತೊಳೀರಿ, ಕುಡೀರಿ. ಬನ್ನಿ!" ಇನ್ನೊಂದು ಕೈಯಿಂದ ತನ್ನ ಮನೆಯ ಕಡೆ ತೋರಿಸಿದಳು. "ಒಬ್ಬ ಮನುಷ್ಯ ಒಳಗೆ ಒಣಗಿ ಸಾಯ್ತಾ ಇದಾನೆ, ಇಲ್ಲಿ ಕಬ್ಬಿಣದ ನಲ್ಲಿಗೆ ಸ್ನಾನ ಮಾಡಿಸ್ತಿದೀರಾ? ನಾಚಿಕೆ ಆಗಲ್ವಾ ನಿಮಗೆ?"

ಅವಳು ಎರಡು ಕೊಡ ತುಂಬಿಸಿ ಕಂಕುಳಿಗೊಂದು, ಕೈಗೊಂದು ಎತ್ತಿಕೊಂಡು ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. ಡ್ರಮ್ಮಿನ ತಳ ಕಾಣುವವರೆಗೆ ಹೊತ್ತಳು. ತಡೆಯುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ, ಕೈ ಕೊಡುವುದಕ್ಕೂ ಇರಲಿಲ್ಲ. ಜನ ಮನೆಯೊಳಗೆ ಸರಿದು, ಅಷ್ಟು ಹೊತ್ತೂ ಕಿಟಕಿಗಳಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾತ್ರ ಮಾಡುತ್ತಿದ್ದರು. ಬೀದಿಯ ಗ್ರೂಪಿನಲ್ಲಿ ಅಧ್ಯಕ್ಷರ ಮೆಸೇಜು ಆಗಲೇ ಬಂದಿತ್ತು: ಸಾರ್ವಜನಿಕ ನೀರು ಕಳವಾಗಿದೆಯಂತೆ, ಬೀದಿಯ ಒಗ್ಗಟ್ಟಿಗೆ ಧಕ್ಕೆ ಬಂದಿದೆಯಂತೆ.

ಅವಳು ಅದನ್ನು ಓದಿ ಫೋನನ್ನು ಬೋರಲು ಹಾಕಿದಳು. ಗಂಡನ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಹಣೆ, ಕತ್ತು, ಅಂಗಾಲು ಒರೆಸಿದಳು, ಬಟ್ಟೆ ಹಿಂಡಿ ಮತ್ತೆ ಒರೆಸಿದಳು. ಮಧ್ಯಾಹ್ನ ದಾಟಿದ ಮೇಲೆ ಮೈ ಸ್ವಲ್ಪ ತಣ್ಣಗಾಯಿತು. ಅವನು ಕಣ್ಣು ಬಿಟ್ಟು, ಕೋಣೆಯ ಬಾಗಿಲಾಚೆ ಸಾಲಾಗಿ ಇಟ್ಟಿದ್ದ ಕೊಡ, ಬಕೆಟ್ಟು, ಪಾತ್ರೆಗಳನ್ನು ನೋಡಿದ. ಎಲ್ಲದರಲ್ಲೂ ಕಂಠಮಟ್ಟ ನೀರಿತ್ತು.

"ಇಷ್ಟೊಂದು ನೀರಾ!" ಎಂದ, ಒಡೆದ ತುಟಿಯಲ್ಲಿ ನಗುತ್ತಾ. "ಬೀದಿಯವರು ಕೊಟ್ರಾ? ನಂಗೊತ್ತು ಕಣೇ, ನಮ್ಮೋರು ಕೈ ಬಿಡಲ್ಲ."

ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಮಲಗಿದ ಮನುಷ್ಯನಿಗೆ ಅಷ್ಟು ನೆಮ್ಮದಿ ಕೊಟ್ಟರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅವಳು ಆ ಒಂದು ಹೂಂ ಅನ್ನಲಿಲ್ಲ.

"ಯಾರೂ ಕೊಡ್ಲಿಲ್ಲ ಕಣ್ರೀ, ಕಿತ್ಕೊಂಡು ಬಂದೆ" ಎಂದು ಅವಳು ಲೋಟವನ್ನು ಮತ್ತೆ ಅವನ ತುಟಿಗೆ ಹಿಡಿದಳು. "ಕುಡೀರಿ."