ಕೋಣೆಯಲ್ಲಿದ್ದವರ ಹಾಡು

ಗಂಡ ಇನ್ನೊಬ್ಬಳ ಜೊತೆ ಓಡಾಡಿದರೆ ಹೆಂಗಸರಿಗೆ ಹೇಗಾಗುತ್ತದೋ ನನಗೆ ಗೊತ್ತಿಲ್ಲ, ನನಗೆ ಗಂಡನಿಲ್ಲ. ವೆಂಡೆಲ್ ಇನ್ನೊಬ್ಬಳ ಜೊತೆ ಹಾಡು ಬರೆಯುತ್ತಿದ್ದಾನೆ ಎಂದು ಕೇಳಿದಾಗ ನನಗೆ ಏನಾಯಿತು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಗಿರಾಕಿಯ ಕಪ್ಪಿಗೆ ಹಾಕಬೇಕಾದ ಕಾಫಿಯನ್ನು ಅವನ ಮೊಟ್ಟೆಯ ತಟ್ಟೆಗೆ ಸುರಿದುಬಿಟ್ಟೆ.

ನ್ಯಾಶ್‌ವಿಲ್‌ನಲ್ಲಿ ಅಂದರೆ ಈ ಹಾಡುಗಾರರ ಊರಲ್ಲಿ, ಹಾಡನ್ನು ಒಬ್ಬರೇ ಬರೆಯುವುದು ಕಡಿಮೆ. ಇಬ್ಬರೋ ಮೂವರೋ ಒಂದು ಕೋಣೆ ಸೇರಿ, ಬಾಗಿಲು ಹಾಕಿಕೊಂಡು, ತೊಡೆಯ ಮೇಲೆ ಗಿಟಾರ್ ಇಟ್ಟುಕೊಂಡು ಕೂರುತ್ತಾರೆ. ಆ ಕೋಣೆಯಲ್ಲಿ ಇದ್ದವರೆಲ್ಲರ ಹೆಸರೂ ಹಾಡಿನ ಮೇಲೆ ಸಮಸಮವಾಗಿ ಬೀಳುತ್ತದೆ. ಪೂರ್ತಿ ಬರೆದವನಿಗೂ ಒಂದೇ ಪದ ಕೊಟ್ಟವನಿಗೂ ವ್ಯತ್ಯಾಸವಿಲ್ಲ. ಕೋಣೆಯಲ್ಲಿ ಇಲ್ಲದವರ ಹೆಸರಿಲ್ಲ. ಅವರ ಕರುಳನ್ನೇ ಕಿತ್ತು ಬರೆದಿದ್ದರೂ ಇಲ್ಲ.

ಮೂರು ವರ್ಷ ನಾನೂ ವೆಂಡೆಲ್ಲೂ ಹಾಗೆ ಕೂತಿದ್ದೇವೆ. ಬೆಳಿಗ್ಗೆ ಡೋರಿಯ ಹೋಟೆಲಿನಲ್ಲಿ ನಾನು ತಿಂಡಿ ಬಡಿಸಿ ಮುಗಿಸುವಷ್ಟರಲ್ಲಿ ಅವನು ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಿದ್ದ. ಮಾಂಸದ ಗ್ರೇವಿಯ ವಾಸನೆ ಹೊಡೆಯುವ ಅಂಗಿಯಲ್ಲೇ ಹೋಗಿ ಬರೆಯುತ್ತಿದ್ದೆ. ನನ್ನ ಅರ್ಧ ಸಾಲನ್ನು ಅವನು ಮುಗಿಸುತ್ತಿದ್ದ, ಅವನ ರಾಗದ ಸೊಟ್ಟನ್ನು ನಾನು ತಿದ್ದುತ್ತಿದ್ದೆ. ನಮ್ಮಿಬ್ಬರ ಒಂದು ಹಾಡೂ ರೇಡಿಯೋಗೆ ಹೋಗಲಿಲ್ಲ. ಆದರೂ ನಾನು ಸುಖವಾಗಿದ್ದೆ.

ಆಮೇಲೆ ಬಂದಳು ಟೆಸ್ಸಾ. ಪಶ್ಚಿಮ ವರ್ಜೀನಿಯಾದ ಗಣಿ ಊರಿನವಳು, ಇಪ್ಪತ್ತೊಂದರ ಹುಡುಗಿ. ಅಪ್ಪ ಗಣಿಯಲ್ಲೇ ಸತ್ತವನಂತೆ. ಅವಳು ಕೆಮ್ಮಿದರೂ ಗಂಡಸರು ತಾಳ ಹಾಕುತ್ತಿದ್ದರು. ವೆಂಡೆಲ್‌ಗೆ ಆ ವಾರದಿಂದ ಹಲ್ಲುನೋವು, ಆಮೇಲೆ ಕಾರು ಕೆಟ್ಟಿತು, ಆಮೇಲೆ ಮನೆಗೆ ನೆಂಟರು ಬಂದರು. ನಾನೇನು ದಡ್ಡಿಯೇ?

"ಬಿಡೇ ನೆಲ್ಡಾ, ಅವನೊಬ್ಬನೇನಾ ಗಿಟಾರ್ ಹಿಡಿದೋನು?" ಎಂದಳು ಡೋರಿ, ಮೇಜು ಒರೆಸುತ್ತಾ.

"ನಂಗೇನಾಗಿದೆ? ಚೆನ್ನಾಗೇ ಇದೀನಿ."

"ಅದಕ್ಕೇ ಆ ಚಮಚಾನ ಬಗ್ಗಿಸಿಟ್ಟಿದೀಯ."

ಅದೇ ಹೋಟೆಲಿನಲ್ಲಿ ಪ್ರತಿ ಮಂಗಳವಾರ ಸಂಜೆ ಮೇಜುಗಳನ್ನು ಗೋಡೆಗೆ ಸರಿಸಿ, ನಡುವೆ ನಾಲ್ಕು ಕುರ್ಚಿಗಳನ್ನು ಎದುರುಬದುರಾಗಿ ಇಡುತ್ತಾರೆ. ಬರೆದವರೇ ಕೂತು, ಸರದಿಯ ಮೇಲೆ, ಹಾಡಿನ ಹಿಂದಿನ ಕತೆ ಹೇಳಿ ಹಾಡಬೇಕು. ಆ ಮಂಗಳವಾರ ನಾನು, ವೆಂಡೆಲ್, ಟೆಸ್ಸಾ, ಜೊತೆಗೊಬ್ಬ ಮುದುಕ. ಮೂಲೆಯ ಮೇಜಿನಲ್ಲಿ ಮಿಸ್ ಗ್ಲೆನ್ನಾ ಬಂದು ಕೂತಿದ್ದಳು. ದೊಡ್ಡ ರೆಕಾರ್ಡ್ ಕಂಪನಿಗೆ ಹೊಸ ದನಿಗಳನ್ನು ಆರಿಸಿಕೊಡುವವಳು ಅವಳೇ. ಅವಳ ಕಿವಿಗೆ ಬೀಳಲೆಂದೇ ನಾನು ಕೆಂಟಕಿಯ ಬೆಟ್ಟ ಇಳಿದು ಬಂದದ್ದು.

ಟೆಸ್ಸಾ ಶುರು ಮಾಡಿದಳು. "ಇದು ಒಬ್ಬ ತಾಯಿಯ ಕತೆ. ಗಂಡ ಬಿಟ್ಟು ಹೋದ. ಅವಳು ಪ್ರತಿ ಭಾನುವಾರ ಅವನ ಬೂಟು ಹಾಕ್ಕೊಂಡೇ ಚರ್ಚಿಗೆ ನಡೀತಿದ್ಲು."

ಅದು ನನ್ನ ಅಮ್ಮ. ಒಮ್ಮೆ ಬೇರೆ ಊರಲ್ಲಿ ಹಾಡಿ ಬರುವಾಗ ಕಾರಿನಲ್ಲಿ ವೆಂಡೆಲ್‌ಗೆ ಹೇಳಿದ್ದೆ. "ಇದನ್ನ ಬರೆಯೋಣ ಕಣೇ" ಅಂದಿದ್ದ. "ಬೇಡ ಕಣೋ, ಇನ್ನೂ ನೋಯುತ್ತೆ" ಅಂದಿದ್ದೆ. ಈಗ ಅವನು ಗಿಟಾರಿನ ಮೇಲೆ ಬಗ್ಗಿ ಅವಳಿಗೆ ದನಿಗೂಡಿಸುತ್ತಿದ್ದ. ಒಮ್ಮೆಯೂ ನನ್ನತ್ತ ತಲೆ ಎತ್ತಲಿಲ್ಲ.

ಹೊಟ್ಟೆಕಿಚ್ಚು ಅಂದರೆ ಇದು. ಹಾಡು ಕೆಟ್ಟದಾಗಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚೆನ್ನಾಗಿತ್ತು. ನಾವಿಬ್ಬರೂ ಸೇರಿ ಬರೆದ ಯಾವ ಹಾಡಿಗಿಂತಲೂ ಚೆನ್ನಾಗಿತ್ತು. ಎರಡನೆಯ ಚರಣದಲ್ಲಿ ಮಾತ್ರ 'ನೆನಪಿಗೆ ತೊಟ್ಟಳು ಅವನ ಬೂಟು' ಎಂದಿತ್ತು, ಅದು ಸುಳ್ಳು. ಡೋರಿ ಕಣ್ಣೊರೆಸಿಕೊಂಡಳು, ಆ ದ್ರೋಹಿ.

ಮುಂದಿನ ಸರದಿ ನನ್ನದು. ಕತೆ ಹೇಳಲಿಲ್ಲ, ಹಲ್ಲು ಕಚ್ಚಿಕೊಂಡು ನನ್ನದೊಂದು ಹಾಡು ಹಾಡಿದೆ. ಸಿಟ್ಟಿಗೆ ದನಿ ಒಡೆಯಿತು. ಒಡೆದ ದನಿಯನ್ನು ಎಲ್ಲೂ ಕೂಡಿಸಲು ಹೋಗಲಿಲ್ಲ.

ಮುಗಿದ ಮೇಲೆ ಮಿಸ್ ಗ್ಲೆನ್ನಾ ನನ್ನನ್ನೇ ಕರೆದಳು.

"ನಿನ್ನ ದನಿಯಲ್ಲಿ ಒಂದು ರೆಕಾರ್ಡ್ ಮಾಡ್ಸೋಣ ಅಂತಿದೀನಿ. ಆದ್ರೆ ನಿನ್ನ ಹಾಡಲ್ಲ. ಆ ಬೂಟಿನ ಹಾಡು. ಆ ಹುಡುಗಿ ಸಣ್ಣೋಳು, ಅವಳ ಬಾಯಲ್ಲಿ ಅದು ಬರೀ ಸಕ್ಕರೆ ಆಗುತ್ತೆ, ನೋವು ಕೇಳ್ಸಲ್ಲ."

ಮೊದಲ ರೆಕಾರ್ಡ್. ಅದೂ ನನ್ನ ಅಮ್ಮನನ್ನು, ಅವರಿಬ್ಬರ ಹೆಸರಲ್ಲಿ, ನಾನು ಹಾಡಬೇಕು. ಬೇಡ ಎಂದರೆ ನಾಳೆ ಬೆಳಿಗ್ಗೆ ಮತ್ತೆ ಗ್ರೇವಿ.

"ಹಾಡ್ತೀನಿ ಮೇಡಮ್. ಎರಡನೇ ಚರಣದಲ್ಲಿ ಒಂದು ಪದ ತಪ್ಪಿದೆ. ಅದು ಸರಿ ಹೋಗ್ಬೇಕು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಒಂದು ಪದ ಬದಲಿಸಿ ಹೆಸರು ಗಿಟ್ಟಿಸ್ಕೊಳ್ಳೋರನ್ನ ಬೇಕಾದಷ್ಟು ನೋಡಿದೀನಿ ಕಣಮ್ಮ."

"ನನ್ನಂಥೋಳನ್ನ ನೋಡಿಲ್ಲ ಬಿಡಿ."

ನಕ್ಕಳು. ಮೂವರೂ ಕೂತು ಸರಿಮಾಡಿಕೊಳ್ಳಿ ಎಂದಳು.

ಮರುದಿನ ಮಧ್ಯಾಹ್ನ ಅವಳ ಕಚೇರಿಯ ಮಹಡಿಯ ಕೋಣೆಯಲ್ಲಿ ಕೂತೆವು. ಬೇಕೆಂತಲೇ ನಾನು ಅವರಿಬ್ಬರ ನಡುವೆ ಕುರ್ಚಿ ಎಳೆದುಕೊಂಡೆ. ವೆಂಡೆಲ್ ತಂತಿ ಬಿಗಿಮಾಡಿದ್ದೂ ಮಾಡಿದ್ದೇ. ಟೆಸ್ಸಾ ಪೆನ್ಸಿಲ್ ಹಿಡಿದು ಪಾಠಕ್ಕೆ ಕೂತವಳ ಹಾಗೆ ಕೂತಿದ್ದಳು.

"'ನೆನಪಿಗೆ' ತೆಗಿ. 'ಗತಿಯಿಲ್ಲದೆ' ಅಂತ ಹಾಕು," ಎಂದೆ. "ಗತಿಯಿಲ್ಲದೆ ತೊಟ್ಟಳು ಅವನ ಬೂಟು. ಅವಳಿಗೆ ಬೇರೆ ಇರ್ಲಿಲ್ಲ. ಸಡಿಲ ಆಗುತ್ತೆ ಅಂತ ಬೂಟಿನ ತುದಿಗೆ ಬಟ್ಟೆ ತುರುಕ್ಕೊಂಡು, ದಾರಿಯುದ್ದಕ್ಕೂ ಅವನಿಗೆ ಶಾಪ ಹಾಕ್ಕೊಂಡೇ ನಡೀತಿದ್ಲು."

ಟೆಸ್ಸಾ ತುಟಿಯಲ್ಲೇ ಹಾಡಿ ನೋಡಿದಳು. ಅವಳ ಮುಖ ಬದಲಾಯಿತು. "ಇದೇ ಸರಿ. ಹಾಡೇ ಬೇರೆ ಆಯ್ತು." ಆಮೇಲೆ ವೆಂಡೆಲ್ ಕಡೆ ತಿರುಗಿದಳು. "ನೀನು ನೆನಪಿಗೆ ಅಂದಿದ್ದೆ. ನಿಮ್ಮಮ್ಮನ ವಿಷಯ ಇವರಿಗೆ ಹೇಗೆ ಗೊತ್ತು?"

ತಂತಿಯ ಸದ್ದು ನಿಂತಿತು.

ಇಡೀ ರಾತ್ರಿ ಎಂಥೆಂಥ ಮಾತುಗಳನ್ನು ಮಸೆದುಕೊಂಡು ಬಂದಿದ್ದೆ. ಈಗ ಮೆತ್ತಗೆ ಹೇಳಿದೆ, "ಅವರಮ್ಮ ನಾಕ್ಸ್‌ವಿಲ್‌ನಲ್ಲಿ ಹಲ್ಲಿನ ಡಾಕ್ಟ್ರ ಹೆಂಡ್ತಿ ಕಣಮ್ಮ. ಚಪ್ಪಲಿ ಇಡೋಕೇ ಒಂದು ಕೋಣೆ ಇದೆ. ಬೂಟು ಹಾಕಿದ್ದು ನಮ್ಮಮ್ಮ."

ಟೆಸ್ಸಾಳ ಕಿವಿ ಕೆಂಪಾದವು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹಾಳಾದವಳು, ದ್ವೇಷಿಸಲೂ ಬಿಡುವುದಿಲ್ಲ.

"ಯಾಕೋ ಹಾಗಂದೆ?" ಎಂದು ಕೇಳಿದಳು.

ವೆಂಡೆಲ್ ನೆಲ ನೋಡುತ್ತಾ ಹೇಳಿದ. "ನಿಮ್ಮಪ್ಪ ಗಣೀಲಿ ಸತ್ತೋರು. ನೀನು ಅಷ್ಟೆಲ್ಲ ಕಂಡೋಳು. ನಾನು ಹಲ್ಲಿನ ಡಾಕ್ಟ್ರ ಮಗ, ಬಡತನ ಗೊತ್ತಿಲ್ಲ ಅಂದಿದ್ರೆ ನನ್ನ ಜೊತೆ ಕೂತು ಬರೀತಿದ್ಯಾ? ನಿನ್ನ ಮುಂದೆ ಸಣ್ಣೋನಾಗೋಕೆ ಆಗ್ಲಿಲ್ಲ."

ಅಮ್ಮನನ್ನು ಕದ್ದದ್ದು ಹಾಡಿಗಾಗಿ ಎಂದುಕೊಂಡಿದ್ದೆ. ಅಷ್ಟೇ ಆಗಿದ್ದರೆ ಕ್ಷಮಿಸುತ್ತಿದ್ದೆನೋ ಏನೋ, ಈ ಊರಲ್ಲಿ ಎಲ್ಲರೂ ಕದಿಯುತ್ತಾರೆ. ನನ್ನ ಜೊತೆ ಕೂತ ಮೊದಲ ದಿನವೇ ಅವನು ತನ್ನಪ್ಪನ ದವಾಖಾನೆ, ಅಮ್ಮನ ಚಪ್ಪಲಿ, ಎಲ್ಲವನ್ನೂ ಬಾಯಿ ತುಂಬ ನಗುತ್ತಾ ಹೇಳಿದ್ದ. ನನ್ನ ಕಣ್ಣಲ್ಲಿ ಸಣ್ಣವನಾಗುವ ಭಯ ಅವನಿಗಿರಲಿಲ್ಲ. ಮೂರು ವರ್ಷದಲ್ಲಿ ನನ್ನನ್ನು ಮೆಚ್ಚಿಸಲು ಅವನು ಒಂದು ಸುಳ್ಳನ್ನೂ ಹೇಳಲಿಲ್ಲ.

ಟೆಸ್ಸಾ ಪದ ಹೊಡೆದು ಹಾಕಿ ಹೊಸದು ಬರೆದಳು. ಕೆಳಗೆ ಮೂರು ಹೆಸರು ಬರೆದಳು, ನನ್ನದನ್ನು ಮೊದಲು. ಹಾಳೆಯನ್ನು ನನ್ನತ್ತ ತಳ್ಳಿ, "ಸರಿ ಇದೆಯಾ ನೋಡಿ," ಎಂದಳು. ವೆಂಡೆಲ್ ಹಾಳೆ ನೋಡಲಿಲ್ಲ. ನನ್ನ ಹೆಗಲ ಮೇಲಿಂದ ಅವಳ ಮುಖವನ್ನೇ ನೋಡುತ್ತಾ, ಅವಳು ಸಿಟ್ಟು ಬಿಡುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದ.

"ಸರಿ ಇದೆ," ಎಂದೆ. ಎದ್ದು, ಕುರ್ಚಿಯನ್ನು ಅವರಿಬ್ಬರ ನಡುವಿನಿಂದ ತೆಗೆದು ಗೋಡೆಗೆ ಇಟ್ಟೆ.