ಸುಣ್ಣಗಲ್ಲಿನ ಕುಣಿ

ಶ್ರಾವಣದ ಎರಡನೆಯ ಸೋಮವಾರ ಗುರಲಿಂಗಪ್ಪ ಬಾಂದ್ರಾದ ಕಟ್ಟಡವೊಂದರಲ್ಲಿ ಇಟ್ಟಿಗೆ ನೆನೆಸುತ್ತಿದ್ದಾಗ ನೆರೆಮನೆಯ ನಿಂಗಣ್ಣ ಏದುಸಿರು ಬಿಡುತ್ತ ಬಂದ.

"ಕಾಕಾ, ಜೋಗೇಶ್ವರಿಗೆ ನಡೀರಿ. ಚಂದ್ರಾಮ ಕುಣ್ಯಾಗ ಇಳದಾಂವ ಉಳೀಲಿಲ್ರಿ."

"ಇಳಿಯೂ ಮುಂದ ಕಂದೀಲ ಬಿಟ್ಟಿದ್ದನೇನು?"

"ಇಲ್ಲಂತ್ರಿ."

ಮುದುಕ ನೀರಿನ ಬಕೆಟು ಅಲ್ಲೇ ಬಿಟ್ಟು ನಿಂಗಣ್ಣನ ಹಿಂದೆ ನಡೆದ.

ಚಂದ್ರಾಮ ಗುರಲಿಂಗಪ್ಪನ ಅಕ್ಕನ ಮಗ, ಮಗಳು ಮಲ್ಲಕ್ಕನ ಗಂಡ. ಸ್ಟೀಲ್ ಪಾತ್ರೆಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅಲ್ಲಿಯ ತೇಜಾಬಿನ, ಅಂದರೆ ಆಸಿಡ್ಡಿನ, ನೀರು ನಾಲೆಗೆ ಹರಿದು ಅವರಿದ್ದ ಚಾಳಿನ ಬಾವಿ ಹಳದಿಯಾಗಿತ್ತು, ಮಕ್ಕಳ ಕಾಲಲ್ಲಿ ಹುಣ್ಣೆದ್ದಿದ್ದವು. ಸರ್ಕಾರದವರು ಗದರಿಸಿದ ಮೇಲೆ ಮಾಲೀಕ ಹತ್ತಡಿ ಕುಣಿ ತೋಡಿಸಿ ಸುಣ್ಣಗಲ್ಲು ತುಂಬಿಸಿದ. ತೇಜಾಬು ಕಲ್ಲಿಗೆ ತಾಗಿ ಬುಸುಬುಸು ನೊರೆಯೆದ್ದು ಸೌಮ್ಯವಾಗಿ ನಾಲೆ ಸೇರುತ್ತಿತ್ತು. ಆ ಕುಣಿಯ ಜೋಪಾನ ಚಂದ್ರಾಮನದು. "ನನ್ನ ಕಲ್ಲು ವಿಷ ನುಂಗತಾವ" ಎಂದು ಚಾಳೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆದರೆ ಕಲ್ಲಿನ ಮೇಲೆ ಬಿಳಿ ಹೆಪ್ಪು ಕಟ್ಟಿ ತೇಜಾಬು ಕಲ್ಲಿಗೆ ತಾಗದಂತಾಗುತ್ತಿತ್ತು. ನೀರು ಬಸಿದು, ಒಳಗಿಳಿದು ಅದನ್ನು ಕೆರೆಯಬೇಕಿತ್ತು.

ಗುರಲಿಂಗಪ್ಪ ಊರಲ್ಲಿ ಬಾವಿಯ ಹೂಳು ತೆಗೆಯುತ್ತಿದ್ದವನು. ಮೊದಲು ಹಗ್ಗಕ್ಕೆ ಉರಿವ ಕಂದೀಲು ಕಟ್ಟಿ ಬಿಡಬೇಕು. ಅದು ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದರ್ಥ, ಮನುಷ್ಯ ಇಳಿಯಕೂಡದು. ಅಳಿಯನಿಗೂ ಇದನ್ನೇ ಕಲಿಸಿದ್ದ. ರವಿವಾರ ಊಟಕ್ಕೆ ಕೂತಾಗ ಚಂದ್ರಾಮ ಕೇಳಿದ್ದ:

"ಮಾಮಾ, ನಾಳಿ ಕುಣ್ಯಾಗ ಇಳೀಬೇಕು. ಕಂದೀಲ ಒಯ್ಯಲೇನು?"

"ಏ ಹುಚ್ಚಾ, ಕೆಟ್ಟ ಬಾವೀಗೆ ನಾವು ಸುಣ್ಣಾನ ಹಾಕ್ತಿದ್ವಿ. ಸುಣ್ಣದ ಕುಣ್ಯಾಗ ಎಲ್ಲೀ ವಿಷಾನೋ? ಕ್ಯೂದಾಗ ನಿಂತು ತಂದ ಘಾಸಲೇಟ ಎಣ್ಣಿ ಸುಡಬ್ಯಾಡ."

"ನಿಮ್ಮ ಮಗಳ ಜಿಪುಣತನ ಎಲ್ಲಿಂದ ಬಂತಂತ ಈಗ ತಿಳೀತ್ರಿ!" ಎಂದು ನಕ್ಕಿದ್ದ. ಒಳಗಿನಿಂದ ಮಲ್ಲಕ್ಕ ಸೌಟು ತೋರಿಸಿದ್ದಳು.

ಈಗ ಜೋಗೇಶ್ವರಿಯ ಕಾರ್ಖಾನೆಯ ಅಂಗಳದಲ್ಲಿ ಅವನನ್ನು ಮೇಲೆಳೆದು ಹಲಗೆಯ ಮೇಲೆ ಮಲಗಿಸಿದ್ದರು. ಮುಖದಲ್ಲಿ ಒಂದು ಗಾಯವೂ ಇರಲಿಲ್ಲ. ಕೂಲಿಗಳ ಮೇಲ್ವಿಚಾರಕ, ಮುಕಾದಮ ಶೆಟ್ಟೆಪ್ಪ ಪೊಲೀಸರ ಮುಂದೆ ಹೇಳುತ್ತಿದ್ದ: "ಕುಡದು ಇಳದಾನ್ರಿ, ಜೋಲಿ ಹೋಗಿ ಬಿದ್ದಾನ."

ಮಲ್ಲಕ್ಕ ತಲೆಯೆತ್ತಿದಳು. "ಶ್ರಾವಣ ಸೋಮವಾರ ಉಪಾಸ ಇದ್ದಾಂವ್ರೀ ಅಂವ."

ಯಾರೂ ಕಿವಿಗೊಡಲಿಲ್ಲ. ಗುರಲಿಂಗಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಅವನ ತಪ್ಪು ಅವನೊಂದಿಗೇ ಮಣ್ಣಾಗುತ್ತಿತ್ತು. ಅಳಿಯ ಮಾತ್ರ ಕುಡುಕನಾಗಿ ಹೋಗುತ್ತಿದ್ದ. ಮುದುಕ ಮನೆಗೆ ಹೋಗಿ ಕಂದೀಲು ತಂದ. ಹೊತ್ತಿಸಿ, ಹಗ್ಗ ಕಟ್ಟಿ, ಎಲ್ಲರೆದುರು ಕುಣಿಗೆ ಬಿಟ್ಟ. ನಾಲ್ಕು ಮೊಳ ಇಳಿಯುವಷ್ಟರಲ್ಲಿ ಉರಿ ಸಣ್ಣಗಾಗಿ ಆರಿತು. ಮತ್ತೆ ಹೊತ್ತಿಸಿ ಬಿಟ್ಟ. ಮತ್ತೆ ಆರಿತು. ಪೊಲೀಸರೊಂದಿಗೆ ಬಂದಿದ್ದ ಡಾಕ್ಟರು ಬಗ್ಗಿ ನೋಡಿ ಹೇಳಿದರು: ಕಲ್ಲು ತೇಜಾಬನ್ನು ನುಂಗುವಾಗ ಹೊರಡುವ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಭಾರವಾಗಿ ತಳದಲ್ಲೇ ಕೂರುತ್ತದೆ, ಅದರಲ್ಲಿ ಉಸಿರಾಡಲಾಗದು. ಕುಡಿತದ ಮಾತನ್ನು ಪೊಲೀಸರು ಬರೆದುಕೊಳ್ಳಲಿಲ್ಲ.

ಗುರಲಿಂಗಪ್ಪ ಮಗಳ ಮುಂದೆ ಕೈಮುಗಿದು ನಿಂತ. "ಕಂದೀಲ ಒಯ್ಯಲೇನು ಅಂತ ಕೇಳಿದ್ನವ್ವಾ. ಬ್ಯಾಡ ಅಂದಾಂವ ನಾನ."

"ಒಳಗ ಕೇಳಿಸಿಕೊಂಡೀನಿ ಯಪ್ಪಾ" ಎಂದಳು ಮಲ್ಲಕ್ಕ. ಅವನ ಕೈಯಿಂದ ಕಂದೀಲು ತೆಗೆದುಕೊಂಡು ಕುಣಿಯ ದಂಡೆಯ ಗೂಟಕ್ಕೆ ಹಾಕಿದಳು, ಮುಂದೆ ಇಳಿಯುವವನಿಗೆಂದು.

ಸಂಜೆ ಮಣ್ಣು ಕೊಡುವಾಗ ಗುರಲಿಂಗಪ್ಪ ಅಳಿಯನ ಹಣೆಗೆ ವಿಭೂತಿ ಹಚ್ಚಿದ.

"ಶಿವನೇ, ಹತ್ತು ಮಂದಿ ಕುಡಿಯೂ ನೀರು ತಿಳಿ ಆಗಲಂತ ಇಳದ ಕೂಸು ಇದು. ಉಸುರಿಲ್ಲದ ಜಾಗಾದಾಗ ಹ್ವಾದ. ನಿನ್ನ ಹತ್ರ ಗಾಳಿ ಇರೂ ಕಡೆ ಕುಂದ್ರಿಸಿಕೋ. ನನ್ನ ಪಾಪ ನನಗ ಇರಲಿ, ಇವನ ಜೀವಕ್ಕ ಶಾಂತಿ ಕೊಡು ನನ್ನಪ್ಪಾ."