ಚುರುಕಿಗೊಂದು ಗಂಡು

ಹೆಣ್ಣುಕುದುರೆ ಚುರುಕಿಯ ಬಾಲಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಲಾಯದಮ್ಮನ ಮಗಳು ಅದರ ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದಾಗ ಸೋದರಮಾವ ಬಂದು ಲಾಯದ ಬಾಗಿಲಲ್ಲಿ ನಿಂತ. ಕರಿಯ ಕೋಟು, ಹೊಳೆಯುವ ಬೂಟು. ಮನೆಯ ಮುಂಗೋಣೆಯಲ್ಲಿ ತಾಯಿಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದೆ, ಬಂದವರೆಲ್ಲ ಮಗಳೆಲ್ಲಿ ಎಂದು ಕೇಳುತ್ತಿದ್ದಾರೆ, ಇವಳು ಇಲ್ಲಿ ಲದ್ದಿಯ ನಡುವೆ ಕೂತಿದ್ದಾಳೆ ಎಂದು ಗದರಲು ಬಂದವನು ಹೆಣ್ಣುಕುದುರೆಯ ಬಾಲ ನೋಡಿ ಮೆತ್ತಗಾದ.

“ಬೆದೆಗೆ ಬಂದಿದೆಯಾ?”

“ನಾಲ್ಕು ದಿನದಿಂದ. ನಾಳೆ ಹೊತ್ತಿಗೆ ಇಳಿದುಬಿಡುತ್ತೆ. ಮನೇಲಿ ಸಾವಾಗಿದೆ, ಸ್ವಲ್ಪ ತಡ್ಕೋ ಅಂತ ಇದಕ್ಕೆ ಹೇಳೋಕಾಗುತ್ತಾ ಮಾವ?”

ತಾನೂ ಅದನ್ನೇ ಯೋಚಿಸಿದ್ದೇನೆ ಎಂದ ಮಾವ. ಪಶುವೈದ್ಯನಿಗೆ ಆಗಲೇ ಹೇಳಿಟ್ಟಿದ್ದ. ಮಣ್ಣಿಗಿಟ್ಟು ಬಂದ ಕೂಡಲೇ ಅವನು ಬರುತ್ತಾನೆ, ಸಿಡಿಲಿನ ಬೀಜವನ್ನು ಕ್ಯಾನಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದಾಗಿದೆ, ಕೆಲಸ ಒಂದು ಗಳಿಗೆಯದು. ಸಿಡಿಲು ಮಾವನ ಲಾಯದ ಬೀಜದ ಕುದುರೆ. ಅದರ ಮರಿಗಳು ದೊಡ್ಡ ದೊಡ್ಡ ಪಂದ್ಯಗಳಲ್ಲಿ ಆಳೆತ್ತರದ ಅಡ್ಡಗಂಬಗಳನ್ನು ಹಾರಿ ಕಪ್ ಗೆದ್ದು ತಂದಿದ್ದವು. ಸತ್ತವಳು ಮಾತ್ರ ಬದುಕಿರುವವರೆಗೆ ಅದರ ನೆರಳೂ ತನ್ನ ಹೆಣ್ಣುಕುದುರೆಗಳ ಮೇಲೆ ಬೀಳದಂತೆ ನೋಡಿಕೊಂಡಿದ್ದಳು.

“ಅಕ್ಕ ಇರೋವರೆಗೂ ಅವಳ ಹಟ ನಡೀತು, ನಾನೂ ಬಾಯಿ ಮುಚ್ಕೊಂಡಿದ್ದೆ,” ಎಂದ ಮಾವ. “ಚುರುಕಿಗೂ ವಯಸ್ಸಾಯ್ತು, ಇದೇ ಕೊನೇ ಮರಿ. ಅದಾದ್ರೂ ಹೆಸರು ಹೇಳೋ ಹಾಗೆ ಹುಟ್ಲಿ. ಹುಟ್ಟಿದ ಮೇಲೆ ಅದು ನಿಂದೇ. ನೀನೇ ಏರು.”

ಕೊನೆಯ ಮಾತು ನೇರ ಹೋಗಿ ನಾಟಿತು. ಮಗಳು ಚೆನ್ನಾಗಿ ಸವಾರಿ ಮಾಡುವವಳು. ಹರೆಯದಲ್ಲಿ ತಾಯಿಯ ಸಾಧು ಕುದುರೆಗಳನ್ನು ಕಂಡು ನಾಚಿಕೆಪಟ್ಟು ಮಾವನ ಲಾಯಕ್ಕೆ ಹೋಗಿ ಅಲ್ಲಿಯ ಬೆಂಕಿಯಂಥ ಕುದುರೆಗಳನ್ನು ಪಳಗಿಸಿದ್ದಳು. ತಾಯಿಯ ಮಂಡಿ ಕೈಕೊಟ್ಟ ಮೇಲೆ ಮನೆಗೆ ಮರಳಿದ್ದಳು. ತನ್ನ ಕೈಗೆ ತಕ್ಕ ಕುದುರೆ ತನ್ನದೇ ಅಂತ ಒಂದೂ ಆಗಲಿಲ್ಲ ಎಂಬ ಕೊರಗು ಅವಳಿಗೆ ಇದ್ದೇ ಇತ್ತು. ಅದು ಮಾವನಿಗೆ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಪಟ್ಟಿಯ ತುದಿ ಬಿಗಿದಳು. ಅದನ್ನೇ ಒಪ್ಪಿಗೆ ಎಂದುಕೊಂಡು ಅವನು ಕಣ್ಣೊರೆಸಿಕೊಂಡ. ಅಕ್ಕನೆಂದರೆ ಅವನಿಗೆ ಪ್ರಾಣ. ಹಿಂದಿನ ದಿನ ಬೆಳಿಗ್ಗೆ ಆಕೆ ಮೇವು ಕಲಸುತ್ತಿದ್ದವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಹಾಗೇ ಗೋಡೆಗೆ ಒರಗಿದಳೆಂಬ ಸುದ್ದಿ ಕೇಳಿದಾಗ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದಿದ್ದ.

*

ಒಂದು ಕಾಲದಲ್ಲಿ ಅಕ್ಕ ತಮ್ಮ ಇಬ್ಬರದೂ ಒಂದೇ ಲಾಯ. ಅಪ್ಪ ಬಿಟ್ಟುಹೋದದ್ದು. ಆಕೆಯನ್ನು ಎಲ್ಲರೂ ಲಾಯದಮ್ಮ ಎಂದು ಕರೆಯುತ್ತಿದ್ದದ್ದು ಆಗಿನಿಂದಲೇ. ಎತ್ತರ ಹಾರುವ ಗಂಡಿಗೆ ಎತ್ತರ ಹಾರುವ ಹೆಣ್ಣು, ಹುಟ್ಟಿದ ಮರಿಯನ್ನು ಬೆಳೆಸಿ ಪಳಗಿಸಿ ಕೇಳಿದವರಿಗೆ ಕೊಡುವುದು, ಅಪ್ಪ ಮಾಡುತ್ತಿದ್ದದ್ದನ್ನೇ ಇವರೂ ಮಾಡಿಕೊಂಡು ಬಂದಿದ್ದರು.

ಹಾಗೆ ಕೊಂಡವರಲ್ಲಿ ಒಬ್ಬರು ಹಲ್ಲಿನ ಡಾಕ್ಟರಮ್ಮ. ಚಿಕ್ಕಂದಿನಿಂದ ಕುದುರೆಯ ಆಸೆ ಇಟ್ಟುಕೊಂಡು, ನಡುವಯಸ್ಸಿನಲ್ಲಿ ಕೈಗೂಡಿತೆಂದು ಹಿಗ್ಗಿದವರು. ಮೊದಮೊದಲು ಪ್ರತಿ ಭಾನುವಾರ ಬಂದರು. ಆಮೇಲೆ ಒಂದು ವಾರ ಸೊಂಟ ಹಿಡಿಯಿತು, ಇನ್ನೊಂದು ವಾರ ಹೊಟ್ಟೆ ಕೆಟ್ಟಿತು. ಒಂದು ಮಧ್ಯಾಹ್ನ ಲಾಯದಮ್ಮ ನೋಡುತ್ತಾಳೆ, ಡಾಕ್ಟರಮ್ಮನ ಕಾರು ಅಂಗಳದಲ್ಲಿದೆ, ಸವಾರಿಯ ಬೂಟು ಹಾಕಿಕೊಂಡು ಡಾಕ್ಟರಮ್ಮ ಸ್ಟಿಯರಿಂಗ್ ಹಿಡಿದು ಒಳಗೇ ಕೂತಿದ್ದಾರೆ. ನೀರು ಸೇದಿ, ಮೇವು ಹಾಕಿ, ಮತ್ತೆ ಬಂದು ನೋಡಿದರೂ ಹಾಗೇ ಕೂತಿದ್ದರು. ಲಾಯದಮ್ಮ ಇನ್ನೊಂದು ಬಾಗಿಲು ತೆಗೆದು ಪಕ್ಕದಲ್ಲಿ ಕುಳಿತಳು.

ಶನಿವಾರ ರಾತ್ರಿ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದರು ಡಾಕ್ಟರಮ್ಮ. ಕುದುರೆ ಕೆಟ್ಟದ್ದಲ್ಲ, ಒದೆಯುವುದಿಲ್ಲ, ಕಚ್ಚುವುದಿಲ್ಲ. ಆದರೆ ಎಲೆ ಅಲುಗಿದರೆ ಅದು ಆಕಾಶಕ್ಕೆ ಏರುತ್ತದೆ, ತಮ್ಮ ಕೈ ಒಂದಿಷ್ಟು ತಪ್ಪಿದರೆ ಅದಕ್ಕೆ ಸಿಟ್ಟು ಬರುತ್ತದೆ.

“ನನ್ನ ಕುರ್ಚಿ ಮೇಲೆ ಕೂತು ನಡುಗೋರನ್ನ ನೋಡಿ ಎಷ್ಟೋ ಸಲ ಒಳಗೊಳಗೇ ನಕ್ಕಿದ್ದೀನಿ,” ಎಂದು ಅವರು ಈಗಲೂ ನಕ್ಕರು, ನಗುತ್ತಲೇ ಅತ್ತರು. “ಇದು ನನ್ನ ಕೈಲಾಗೋ ಕೆಲಸ ಅಲ್ಲ. ಕುದುರೇನ ಯಾರಿಗಾದ್ರೂ ಕೊಟ್ಟುಬಿಡಿ.”

ಆ ಸಂಜೆ ಲಾಯದಮ್ಮ ತಮ್ಮನನ್ನು ಕೇಳಿದಳು, ನಾವು ಕುದುರೆ ಹುಟ್ಟಿಸುತ್ತಿರುವುದು ಯಾರಿಗೋಸ್ಕರ ಎಂದು. ಗುಂಡಿಗೆ ಇದ್ದವರಿಗೆ, ಇಲ್ಲದವರು ನಡೆದುಕೊಂಡು ಹೋಗಲಿ ಎಂದ ತಮ್ಮ.

“ಹಾಗಾದ್ರೆ ನಮ್ಮಲ್ಲಿಗೆ ಬರೋರಲ್ಲಿ ಮುಕ್ಕಾಲು ಪಾಲು ಜನ ನಡೆದೇ ಹೋಗ್ಬೇಕು,” ಎಂದಳು ಆಕೆ. “ದುಡಿಯೋ ಜನ ಕಣೋ. ವಾರವೆಲ್ಲ ಯಾರ್ಯಾರ ಹತ್ರಾನೋ ಅನ್ನಿಸ್ಕೊಂಡು ಬಂದಿರ್ತಾರೆ. ಭಾನುವಾರವೂ ಕುದುರೆ ಹತ್ರ ಬೈಸ್ಕೋಬೇಕಾ?”

ಮಾತು ಬೆಳೆಯಿತು. ಅಪ್ಪನ ಹೆಸರು ಬಂತು, ಅಪ್ಪ ಗೆದ್ದ ಕಪ್‌ಗಳು ಬಂದವು. ಕೊನೆಗೆ ಲಾಯದ ನಡುವೆ ಬೇಲಿ ಬಂತು. ತಮ್ಮ ಮೇಲಿನ ಅಂಗಳ ಇಟ್ಟುಕೊಂಡ. ಆಕೆ ಕೆಳಗಿನದನ್ನೂ, ಆಗಿನ್ನೂ ಎಳೆಯದಾಗಿದ್ದ ಚುರುಕಿಯನ್ನೂ ತೆಗೆದುಕೊಂಡಳು.

*

ಚುರುಕಿ ಹೆಸರಿಗೆ ತಕ್ಕಂತೆ ಇತ್ತು. ತೆಳು ಕಾಲು, ಹಗುರ ಮೈ, ನೊಣ ಕೂತರೆ ನಾಲ್ಕು ಮಾರು ಹಾರುವ ಸ್ವಭಾವ. ಇದರಲ್ಲಿ ಇರುವುದನ್ನೇ ಇನ್ನಷ್ಟು ತಂದು ಸುರಿಯುವ ಗಂಡು ಬೇಡ, ಇಲ್ಲದ್ದನ್ನು ಕೊಡುವ ಗಂಡು ಬೇಕು ಎಂದು ಲಾಯದಮ್ಮ ತೀರ್ಮಾನಿಸಿದಳು. ಎಲ್ಲಿಗೆ ಹೊರಟಿರಿ ಎಂದು ಕೇಳಿದವರಿಗೆ, ಗಂಡು ನೋಡೋಕೆ ಎಂದು ಹೇಳಿ ಬಸ್ಸು ಹತ್ತುತ್ತಿದ್ದಳು.

ಹೋದಲ್ಲೆಲ್ಲ ಕುದುರೆಯವರು ತಮ್ಮ ಗಂಡು ಎಷ್ಟೆತ್ತರ ಹಾರುತ್ತದೆಂದು ತೋರಿಸುತ್ತಿದ್ದರು. ಆಕೆ ಗೊರಸು ಎತ್ತಿ ನೋಡಿ, ಮಂಡಿ ಸವರಿ, ಬೆನ್ನು ಒತ್ತಿ, ಇದನ್ನು ಒಂದು ವಾರ ಹೊರಗೆ ತೆಗೆಯದೆ ಬಿಟ್ಟು ಆಮೇಲೆ ಏರಿದರೆ ಹೇಗಿರುತ್ತದೆ ಎಂದು ಕೇಳುತ್ತಿದ್ದಳು. ಅವರು ನಗುತ್ತಿದ್ದರು, ಇಲ್ಲವೇ ಮಾತು ಬದಲಿಸುತ್ತಿದ್ದರು. ಆಕೆ ಮರುಬಸ್ಸಿಗೆ ವಾಪಸ್ಸು.

ಕೊನೆಗೆ ಊರಾಚೆಯ ಒಂದು ಹೊಲದಲ್ಲಿ ಯಾರೂ ಕೇಳದೆ ಉಳಿದಿದ್ದ ಒಂದು ಗಂಡು ಸಿಕ್ಕಿತು. ಕಂದು ಬಣ್ಣ, ಗಿಡ್ಡ ಕಿವಿ, ಸುತ್ತಿಗೆಯಂಥ ಮೂತಿ. ಮನೆಯವರೇ ಅದನ್ನು ಗುಗ್ಗು ಎಂದು ಕರೆಯುತ್ತಿದ್ದರು. ಆದರೆ ಕಾಲು ನಾಲ್ಕೂ ಕಂಬದಂತೆ ನೆಟ್ಟಗೆ, ಗೊರಸು ಗಟ್ಟಿ, ಓಟ ತೊಟ್ಟಿಲು ತೂಗಿದ ಹಾಗೆ. ಅಡ್ಡ ಇಟ್ಟ ಮರದ ದಿಮ್ಮಿಯನ್ನು ಎಷ್ಟು ಬೇಕೋ ಅಷ್ಟೇ ಹಾರಿ, ಅದರಲ್ಲೇನು ವಿಶೇಷ ಎಂಬಂತೆ ನಿಂತುಕೊಂಡಿತು. ಇದನ್ನು ಒಂದು ವಾರ ಯಾರೂ ಮುಟ್ಟಬೇಡಿ, ಮುಂದಿನ ಭಾನುವಾರ ಬರುತ್ತೇನೆ ಎಂದು ಹೇಳಿ ಲಾಯದಮ್ಮ ಹೊರಟಳು.

ಮುಂದಿನ ಭಾನುವಾರ ಡಾಕ್ಟರಮ್ಮನನ್ನೂ ಕರೆದುಕೊಂಡು ಹೋದಳು. ಸುಮ್ಮನೆ ಜೊತೆಗೆ ಎಂದಷ್ಟೇ ಹೇಳಿದ್ದಳು. ಅಲ್ಲಿ ಜೀನು ಬಿಗಿದ ಕುದುರೆ ನೋಡಿದ್ದೇ ಡಾಕ್ಟರಮ್ಮ ಹಿಂದೆ ಸರಿದರು.

“ನಾನು ಹತ್ತಲ್ಲ. ಬೂಟೇ ಯಾರಿಗೋ ಕೊಟ್ಟುಬಿಟ್ಟಿದ್ದೀನಿ.”

“ನೀವು ಹತ್ತದಿದ್ರೆ ನಾನು ಇದನ್ನ ತಗೊಳ್ಳಲ್ಲ. ನನಗೆ ಬೇಕಾದದ್ದು ನಿಮ್ಮ ಕೈಲಿ ಹೇಗಿರುತ್ತೆ ಅಂತ. ನನ್ನ ಕೈಲಿ ಎಲ್ಲಾ ಕುದುರೆನೂ ಸರಿಯಾಗೇ ಇರುತ್ತೆ.”

ಡಾಕ್ಟರಮ್ಮ ಪೇಟೆಯ ಚಪ್ಪಲಿಯಲ್ಲೇ ಏರಿದರು. ಅರ್ಧ ಸುತ್ತು ಹೋಗುವುದರೊಳಗೆ ಒಂದು ಚಪ್ಪಲಿ ಕಳಚಿ ಕುದುರೆಯ ಹೊಟ್ಟೆಗೆ ಬಡಿದು ಬಿತ್ತು. ಅವರು ಲಗಾಮು ಬಿಟ್ಟು ಎರಡೂ ಕೈಯಲ್ಲಿ ಜೂಲು ಹಿಡಿದುಕೊಂಡರು. ಗುಗ್ಗು ನಿಂತಿತು. ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿ, ಅವರು ಸರಿಯಾಗಿ ಕೂರುವವರೆಗೆ ಕಾದು, ಮತ್ತೆ ನಡೆಯಿತು. ಸುತ್ತು ಮುಗಿಸಿ ಇಳಿದ ಡಾಕ್ಟರಮ್ಮನ ಮುಖದಲ್ಲಿ ಭಯಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು.

“ಏನೂ ಆಗ್ಲಿಲ್ಲ,” ಎಂದರು.

“ಏನೂ ಆಗದಿರೋ ಕುದುರೇನೇ ನಾನು ಹುಡುಕ್ತಾ ಇದ್ದದ್ದು,” ಎಂದಳು ಲಾಯದಮ್ಮ.

ಗುಗ್ಗು ಮನೆಗೆ ಬಂದ ದಿನ ತಮ್ಮ ಬೇಲಿಯ ಆಚೆಯಿಂದ ನೋಡಿ, ಇದು ಕುದುರೆಯೋ ಸೋಫಾನೋ ಎಂದು ಕೇಳಿದ. ಆಕೆ ಹುಲ್ಲು ಹರಡುತ್ತಲೇ, “ಮನೆಗೆ ಬಂದವರಿಗೆ ಕೂರೋಕೆ ನೀನೇನು ಕೊಡ್ತೀಯಪ್ಪ, ಮುಳ್ಳಿನ ಕುರ್ಚಿನಾ?” ಎಂದಳು.

*

ಮುಂಗೋಣೆಯಲ್ಲಿ ಮಾವನ ಕಡೆಯವರು ಒಂದು ಗೋಡೆಗೆ, ಲಾಯದಮ್ಮನ ಕಡೆಯವರು ಇನ್ನೊಂದು ಗೋಡೆಗೆ ನಿಂತಿದ್ದರು. ಮಾವನ ಕಡೆಯವರು ಪಂದ್ಯದ ಕುದುರೆ ಸಾಕುವವರು, ಸೂಟು ಬೂಟಿನವರು. ಈ ಕಡೆ ಬಸ್ ಡ್ರೈವರ್ ಸಮವಸ್ತ್ರದಲ್ಲೇ ಬಂದಿದ್ದ. ಟೈಲರ್ ಹೆಂಗಸು ಬಂದಿದ್ದಳು. ಹೆಂಡತಿ ತೀರಿದ ಮೇಲೆ ಸವಾರಿ ಕಲಿತ ನಿವೃತ್ತ ಮೇಷ್ಟ್ರು ಕೋಲೂರಿಕೊಂಡು ನಿಂತಿದ್ದರು. ಆಚೆ ಗೋಡೆಯ ಒಬ್ಬರು ಮೆಲ್ಲಗೆ, ಒಳ್ಳೆ ಹೆಂಗಸು, ಆದರೆ ಇಷ್ಟು ವರ್ಷದಲ್ಲಿ ಕಪ್ ಗೆದ್ದ ಒಂದೇ ಒಂದು ಕುದುರೆ ಹುಟ್ಟಿಸಲಿಲ್ಲವಲ್ಲ ಎಂದದ್ದು ಎಲ್ಲರಿಗೂ ಕೇಳಿಸಿತು. ಬಸ್ ಡ್ರೈವರ್ ಬಾಯಿ ತೆರೆದವನು ಪೆಟ್ಟಿಗೆಯ ಕಡೆ ನೋಡಿ ಸಮವಸ್ತ್ರದ ಗುಂಡಿ ಹಾಕಿಕೊಂಡ.

ಮಗಳು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಡಾಕ್ಟರಮ್ಮ ಬಂದು ಒರೆಸಿಡತೊಡಗಿದರು. ಅವರಿಗೆ ಈಗ ತಲೆ ಪೂರ್ತಿ ನರೆತಿತ್ತು. ಈ ಹೊತ್ತಿಗೂ ಪ್ರತಿ ವಾರ ಬಂದು ಗುಗ್ಗುವಿನ ಮಗಳನ್ನು ಏರುತ್ತಿದ್ದರು. ಮಗಳು ತಟ್ಟನೆ, ನಿಮಗೆ ಈಗ ಭಯ ಹೋಗಿದೆಯಾ ಎಂದು ಕೇಳಿದಳು.

“ಎಲ್ಲಿಂದ ಹೋಗುತ್ತೆ? ಪ್ರತಿ ಸಲ ಕಾಲು ಎತ್ತಿ ಹಾಕೋಕೆ ಮುಂಚೆ ಮೂರು ಸಲ ಜೀನಿನ ಪಟ್ಟಿ ಎಳೆದು ನೋಡ್ತೀನಿ. ನಿಮ್ಮಮ್ಮ ನನ್ನ ಭಯ ಬಿಡಿಸೋಕೆ ಹೋಗ್ಲೇ ಇಲ್ಲ. ಭಯಪಡೋರಿಗೂ ಒಂದು ಕುದುರೆ ಇರ್ಲಿ ಅಂದ್ರು.” ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. “ನನ್ನ ಗಂಡನೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.”

ಮಗಳಿಗೆ ಆ ದಿನ ಮೊದಲ ಬಾರಿ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ನಲ್ಲಿಯನ್ನು ಜೋರಾಗಿ ಬಿಟ್ಟು ಅತ್ತಳು.

ಸಮಾಧಿಯ ಬಳಿ ಮಾವ ನಾಲ್ಕು ಮಾತಾಡಿದ. ಅಕ್ಕ ತನ್ನನ್ನು ಎತ್ತಿ ಆಡಿಸಿದ್ದನ್ನು, ಮೊದಲ ಬಾರಿ ಕುದುರೆಯ ಮೇಲೆ ಕೂರಿಸಿದ್ದನ್ನು ಹೇಳಿದ. ಆಮೇಲೆ, ಅಕ್ಕನ ನೆನಪಿಗೆ ಚುರುಕಿಗೂ ಸಿಡಿಲಿಗೂ ಒಂದು ಮರಿ ಹುಟ್ಟಲಿದೆ, ಅದಕ್ಕೆ ಅವಳ ಹೆಸರನ್ನೇ ಇಡುತ್ತೇವೆ, ಅವಳು ಬದುಕಿದ್ದಾಗ ಸಿಗದ ಹೆಸರು ಇನ್ನು ಮುಂದೆ ದೇಶವೆಲ್ಲ ಕೇಳಲಿದೆ ಎಂದ. ಸೂಟಿನವರು ತಲೆದೂಗಿದರು. ಈ ಕಡೆಯವರು ನೆಲ ನೋಡಿದರು.

ಮಗಳ ಕೈಯಲ್ಲಿ ಒಂದು ಹಿಡಿ ಮಣ್ಣಿತ್ತು. ಅದನ್ನು ಹಾಕದೆ ಹಿಡಿದುಕೊಂಡೇ ಹೇಳಿದಳು.

“ಇಲ್ಲ ಮಾವ. ಚುರುಕಿನ ನಾನು ಗುಗ್ಗುಗೇ ಬಿಡ್ತೀನಿ.”

ಮಾವ ತಗ್ಗಿದ ದನಿಯಲ್ಲಿ, ಇದು ಆ ಮಾತಾಡುವ ಜಾಗವಲ್ಲ ಎಂದ.

“ಮಾತು ತೆಗೆದದ್ದು ನೀವು. ನನಗೂ ಆಸೆ ಇದೆ, ಸುಳ್ಳು ಹೇಳಲ್ಲ. ಸಿಡಿಲಿನ ಮರಿ ಏರೋಕೆ ನನಗೆ ಬರುತ್ತೆ. ಅಮ್ಮನ ಹತ್ರ ಬರೋ ಇವರಿಗೆ ಬರಲ್ಲ. ಒಂದು ಬಾಗಿಲು ಮುಚ್ಚಿದ್ರೆ ನನಗೆ ಇನ್ನೂ ಹತ್ತು ಲಾಯ ಇದೆ, ಇವರಿಗೆ ಇರೋದು ಇದೊಂದೇ.” ಅವಳು ಮಣ್ಣನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. “ಅಮ್ಮನ ಹೆಸರು ದೇಶಕ್ಕೆಲ್ಲ ಯಾಕೆ ಕೇಳಬೇಕು? ಕೇಳಬೇಕಾದವರಿಗೆ ಕೇಳಿದೆ. ಅವರೆಲ್ಲ ಇಲ್ಲೇ ನಿಂತಿದ್ದಾರೆ.”

ಎಂದು ಮಣ್ಣು ಹಾಕಿದಳು.

ಹಿಂದಿರುಗಿದಾಗ ಪಶುವೈದ್ಯ ಕ್ಯಾನಿನೊಂದಿಗೆ ಅಂಗಳದಲ್ಲಿ ಕಾಯುತ್ತಿದ್ದ. ಹೆಣ್ಣುಕುದುರೆ ಈಗ ಯಾರದೋ ಅವರ ಮಾತು ನನಗೆ ಸಾಕು ಎಂದು ಅವನು ಕ್ಯಾನನ್ನು ಗಾಡಿಯೊಳಗೆ ಇಟ್ಟ. ಆದರೆ ಗುಗ್ಗುವಿಗೂ ವಯಸ್ಸಾಗಿತ್ತು, ಚುರುಕಿ ಯಾವಾಗ ಒದೆಯುತ್ತದೆಂದು ಹೇಳುವಂತಿರಲಿಲ್ಲ. ಮಗಳು ಗಂಡನ್ನು ಹಿಡಿದರೆ ಹೆಣ್ಣನ್ನು ಹಿಡಿಯಲು ಪಳಗಿದ ಇನ್ನೊಂದು ಕೈ ಬೇಕು. ವೈದ್ಯನ ಭುಜ ಹೋದ ತಿಂಗಳಷ್ಟೇ ಜಾರಿತ್ತು. ಯಾರೂ ಮುಂದೆ ಬರದಿದ್ದಾಗ ಡಾಕ್ಟರಮ್ಮ ಕರಿಯ ಉಡುಪಿನ ತೋಳು ಮಡಚಿ, ನಾನು ಹಿಡಿಯುತ್ತೇನೆ ಎಂದು ಹಗ್ಗ ತೆಗೆದುಕೊಂಡರು. ಬಿಟ್ಟುಹೋದೀತೆಂದು ಹಗ್ಗವನ್ನು ಬಳೆಯಂತೆ ಮಣಿಕಟ್ಟಿಗೆ ಸುತ್ತಿಕೊಂಡರು.

ಬೇಲಿಯ ಪಕ್ಕ ಬೆನ್ನು ತಿರುಗಿಸಿ ನಿಂತಿದ್ದ ಮಾವ ಒಮ್ಮೆ ಹೊರಳಿ ನೋಡಿದ. ಆಮೇಲೆ ನೋಡದೆ ಇರಲಾಗಲಿಲ್ಲ.

“ಹಾಗೆ ಸುತ್ಕೊಂಡ್ರೆ ಕೈ ಕಿತ್ಕೊಂಡು ಹೋಗುತ್ತೆ ಡಾಕ್ಟ್ರೇ. ಕೊಡಿ ಇಲ್ಲಿ.”

ಅವನು ಹಗ್ಗ ಹಿಡಿದ. ಚುರುಕಿಯ ಕಿವಿಯಲ್ಲಿ ಏನೇನೋ ಗೊಣಗುತ್ತ, ಅಕ್ಕನನ್ನೂ ಸೋದರಸೊಸೆಯನ್ನೂ ಗುಗ್ಗುವನ್ನೂ ಒಟ್ಟಿಗೇ ಬೈಯುತ್ತ, ಅಲುಗದಂತೆ ನಿಲ್ಲಿಸಿದ. ಗುಗ್ಗು ಮೊದಲ ಸಲ ಏರಲಾರದೆ ಜಾರಿತು. ಸೂಟಿನವರೊಬ್ಬರು ಕೆಮ್ಮಿದರು. ಮಗಳು ಅದನ್ನು ಒಂದು ಸುತ್ತು ನಡೆಸಿ ತಂದು ಮತ್ತೆ ಬಿಟ್ಟಳು. ಈ ಸಲ ಏನೂ ತಪ್ಪಲಿಲ್ಲ.

“ಮೂತಿಯಾದ್ರೂ ತಾಯೀದು ಬರ್ಲಿ,” ಎಂದ ಮಾವ ಬೆವರೊರೆಸಿಕೊಳ್ಳುತ್ತ.

“ಅಪ್ಪಂದೇ ಬಂದ್ರೂ ಬರ್ಲಿ,” ಎಂದಳು ಮಗಳು.

ಅಂದು ಭಾನುವಾರ. ಯಾರು ಮೊದಲು ಜೀನಿನ ಕೋಣೆಯ ಬಾಗಿಲು ತೆಗೆದರೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಸವಾರಿಯ ಅಂಗಳದಲ್ಲಿ ಬಸ್ ಡ್ರೈವರ್, ಟೈಲರ್, ಡಾಕ್ಟರಮ್ಮ, ಅವರ ಹಿಂದೆ ಮೇಷ್ಟ್ರು, ಎಲ್ಲ ಸಾವಿನ ಮನೆಯ ಬಟ್ಟೆಯಲ್ಲೇ ಸುತ್ತು ಹಾಕುತ್ತಿದ್ದರು. ಬಟ್ಟೆಯ ಅಂಚುಗಳು ಕುದುರೆಯ ಓಟಕ್ಕೆ ಒಂದು ತಾಳ ಹಿಂದೆ ಬಿದ್ದು ಕುಪ್ಪಳಿಸುತ್ತಿದ್ದವು. ಮೇಷ್ಟ್ರು ಒಂದು ಕಡೆಗೆ ವಾಲಿದ್ದರು. ಮಾವ ಚುರುಕಿಯ ಹಗ್ಗ ಹಿಡಿದುಕೊಂಡೇ ಬೇಲಿಯ ಹತ್ತಿರ ಬಂದು, ಹಿಮ್ಮಡಿ ಕೆಳಗೆ, ಬೆನ್ನು ನೆಟ್ಟಗೆ ಎಂದು ಕೂಗಿದ. ಯಾರೂ ಕೇಳಲಿಲ್ಲ. ಕುದುರೆಗಳು ಅವರವರನ್ನು ಅವರವರು ಕೂತ ಹಾಗೇ ಹೊತ್ತುಕೊಂಡು ಇನ್ನೊಂದು ಸುತ್ತಿಗೆ ತಿರುಗಿದವು.